ಅಟ್ಟದ ಮೇಷ್ಟ್ರು

ಗುಜರಿ ಗಾಡಿಯ ಕೂಗು ಬೀದಿಯ ತಿರುವಿನಲ್ಲಿ ಕೇಳಿಸಿದೊಡನೆ ಓಡಿಬಂದು ಗೇಟಿಗೆ ಚಿಲಕ ಹಾಕುವ ಮನುಷ್ಯನನ್ನು ನೀವು ನೋಡಿಯೇ ಇರುತ್ತೀರಿ. ಚಿತ್ರದುರ್ಗದಲ್ಲಿ ಆತ ಸಾಮಾನ್ಯವಾಗಿ ನಿವೃತ್ತ ಮೇಷ್ಟ್ರು. ಹೊಳಲ್ಕೆರೆಯಲ್ಲಾದರೆ ಅಡಿಕೆ ತೋಟವಿರುವ ನಿವೃತ್ತ ಮೇಷ್ಟ್ರು, ಹಿರಿಯೂರಿನಲ್ಲಾದರೆ ನಿವೃತ್ತ ಕಂಡಕ್ಟರ್. ಊರು ಯಾವುದಾದರೇನು, ಅಟ್ಟದ ಮೇಲಿನ ಸಾಮಾನು ಅದೇ: ಬಟ್ಟೆ ಹರಿದುಹೋಗಿ ಕಡ್ಡಿ ಉಳಿದ ಕೊಡೆ, ಕಾಯಿಲ್ ಸುಟ್ಟ ಟೇಬಲ್ ಫ್ಯಾನು, ಬೀಗಗಳೆಲ್ಲ ಕಳೆದ ಮೇಲೂ ಉಳಿದುಕೊಂಡ ಬೀಗದಕೈ ಗೊಂಚಲು. ಮನೆಯಾಕೆ ಅದರಲ್ಲೊಂದನ್ನು ಎತ್ತಿ ಬಿಸಾಡಲು ಹೊರಟರೆ ಸಿದ್ಧ ಉತ್ತರ: “ಇರ್ಲಿ ಬಿಡೇ, ಯಾವ್ದಕ್ಕಾದ್ರೂ ಬರ್ತೈತೆ.”

ನಮ್ಮ ಬೀದಿಯ ಮೇಷ್ಟ್ರು ಲೆಕ್ಕದ ಮೇಷ್ಟ್ರು. ಹಾಗಾಗಿ ಬರೀ ‘ಇರ್ಲಿ’ ಎನ್ನುವುದಿಲ್ಲ, ಸಾಧಿಸಿ ತೋರಿಸುತ್ತಾರೆ. “ಮಾರಿಕಣಿವೆ ಕೋಡಿ ಬಿದ್ದಿದ್ದು 1933ರಾಗೆ. ಮತ್ತೆ ಬಿದ್ದಿದ್ದು 2022ಕ್ಕೆ. ನಡುವೆ 89 ವರ್ಷ. ಅಷ್ಟು ದಿನ ನೀರು ತುಂಬ್ಲಿಲ್ಲ ಅಂತ ಯಾರಾದ್ರೂ ಡ್ಯಾಮು ಬಿಚ್ಚಿ ಗುಜರಿಗೆ ಹಾಕಿದ್ರೇನೇ?” ಈ ಪ್ರಶ್ನೆಗೆ ಹೆಂಡತಿಯ ಬಳಿ ಉತ್ತರವಿಲ್ಲ. 2025ರ ಜನವರಿಯಲ್ಲಿ ಅದೇ ಮಾರಿಕಣಿವೆಯ ವಾಣಿವಿಲಾಸ ಸಾಗರ ಮತ್ತೊಮ್ಮೆ ತುಂಬಿ ಕೋಡಿ ಹರಿದಾಗ ಜಿಲ್ಲೆಯ ರೈತರು ಬಾಗಿನದ ಮಾತಾಡುತ್ತಿದ್ದರೆ, ಆಕೆ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಇಂಥ ಮೇಷ್ಟ್ರಿಗೆ ಕೊನೆಗೂ ಕೆಲಸ ಒದಗಿಸಿದ್ದು ಆಷಾಢ. ಬೇಸಿಗೆಯಲ್ಲಿ ಬಟ್ಟೆ ಒಣಗಿಸುವುದು ದುರ್ಗದಲ್ಲಿ ಕೆಲಸವೇ ಅಲ್ಲ. ತಂತಿಗೆ ಹಾಕಿದ ಲುಂಗಿ ಕಾಫಿ ಕುಡಿದು ಬರುವಷ್ಟರಲ್ಲಿ ಗರಿಗರಿ. ಆಷಾಢದ ಮಾತೇ ಬೇರೆ. ಇಲ್ಲಿನ ಗುಡ್ಡದ ಸಾಲುಗಳ ಮೇಲೆಲ್ಲ ಗಾಳಿಯಂತ್ರ ನೆಟ್ಟವರು ಸುಮ್ಮನೆ ಬಂದವರಲ್ಲ. ಆ ಗಾಳಿ ಕರೆಂಟು ಮಾಡುತ್ತದೆ, ಬನಿಯನ್ನನ್ನೂ ಒಯ್ಯುತ್ತದೆ. ಜೊತೆಗೆ ಬಿಟ್ಟೂಬಿಡದ ತುಂತುರು. ಗಾಳಿ ಬಿಟ್ಟರೆ ಕೋಟೆ ಕಡೆಯ ಕೋತಿಗಳು. ಒಂದು ದಿನ ಮೇಷ್ಟ್ರ ಪಂಚೆ ಪಕ್ಕದ ಮನೆಯ ತೆಂಗಿನ ಗರಿಯಲ್ಲಿ ಬಾವುಟವಾಗಿ ಹಾರಾಡಿದ್ದೇ ತಡ, ಬಟ್ಟೆಗಳನ್ನು ಒಳಗೇ ಒಣಗಿಸುವುದೆಂದು ತೀರ್ಮಾನವಾಯಿತು.

ಬೆಂಗಳೂರಿನ ಮಗಳು ಮಡಚುವ ಸ್ಟೀಲ್ ಸ್ಟ್ಯಾಂಡು ತಂದುಕೊಟ್ಟಳು. ಮೇಷ್ಟ್ರು ಅದನ್ನು ಬಿಚ್ಚಿದರು, ಕೀಲುಗಳನ್ನು ಅಲ್ಲಾಡಿಸಿ ನೋಡಿದರು, “ಡಬ್ಬ ಗಟ್ಟಿ ಐತೆ ಕಣಮ್ಮ” ಎಂದು ಮೆಚ್ಚಿಕೊಂಡು ಹಾಗೇ ತುಂಬಿ ಅಟ್ಟಕ್ಕೇರಿಸಿದರು. ಏರಿದವರು ಇಳಿಯುವಾಗ ಕೈಯಲ್ಲಿ ಸೈಕಲ್ ರಿಮ್ಮಿತ್ತು.

ಮೇಷ್ಟ್ರು ಸ್ಕೂಲಿಗೆ ಹೋಗುತ್ತಿದ್ದ ಕಪ್ಪು ಸೈಕಲ್ಲಿನ ರಿಮ್ಮದು. ಹಳೇ ಸೈಕಲ್ಲುಗಳಿಗೆ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಎಂಟು ಬಟ್ಟೆ ಹೆಚ್ಚು ಹಿಡಿಯುತ್ತದೆಂದು ಹಿಂದಿನದನ್ನೇ ಆರಿಸಿದ್ದರು. ಕಡ್ಡಿ ಕಿತ್ತು, ತೂತಿಗೊಂದರಂತೆ ಬಟ್ಟೆ ಕ್ಲಿಪ್ಪು ಜೋತುಬಿಟ್ಟರು. ಕ್ಲಿಪ್ಪು ಕಟ್ಟಲು ಕಬ್ಬಿಣದ ತಂತಿಯಾದರೆ ತುಕ್ಕು ಹಿಡಿಯುತ್ತದೆ. ಸುಟ್ಟ ಫ್ಯಾನಿನ ಕಾಯಿಲಿನಿಂದ ತಾಮ್ರದ ತಂತಿ ಎಳೆದು ಹುರಿ ಹೊಸೆದರು. ರಿಮ್ಮಿನ ತುಕ್ಕು ಬಟ್ಟೆಗೆ ಹತ್ತದಂತೆ ಸುತ್ತಲೂ ಹಳೇ ಸೀರೆಯ ಅಂಚು ಸುತ್ತಿದರು. ಮೂರು ಕಡೆ ಹಗ್ಗ ಕಟ್ಟೋಣವೆಂದರೆ ನಲವತ್ತನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಲೆಕ್ಕದ ಮೇಷ್ಟ್ರಿಗೆ ಅದು ಸಹ್ಯವಾಗದು. ಹತ್ತು ತೂತಿಗೊಂದರಂತೆ ನಾಲ್ಕು ಹಗ್ಗ ಬಿದ್ದವು. ಹಗ್ಗ ಹೊಸದುರ್ಗದ ಭಾಮೈದನ ಮನೆಯ ತೆಂಗಿನ ನಾರಿನದು.

ನಡುಮನೆಯ ತೊಲೆಯಲ್ಲಿ ಮಕ್ಕಳ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ ಖಾಲಿ ಇತ್ತು. ಹಿತ್ತಿಲ ಬಾವಿ ಬತ್ತಿ, ಬೋರ್‌ವೆಲ್ ಬಂದಾಗಿನಿಂದ ರಾಟೆಗೂ ಕೆಲಸವಿರಲಿಲ್ಲ. ಕೊಂಡಿಗೆ ರಾಟೆ, ರಾಟೆಗೆ ಹಗ್ಗ, ಹಗ್ಗದ ತುದಿ ಕಿಟಕಿಯ ಸರಳಿಗೆ. ಹಗ್ಗ ಸಡಿಲಿಸಿದರೆ ರಿಮ್ಮು ಎದೆಮಟ್ಟಕ್ಕೆ ಇಳಿಯುತ್ತದೆ. ಬಟ್ಟೆ ಸಿಕ್ಕಿಸಿ ಎಳೆದರೆ ಸೂರಿನಡಿ ಹೋಗಿ ನಿಲ್ಲುತ್ತದೆ. ನೆಲದಲ್ಲಿ ಗೇಣು ಜಾಗ ಬೇಡ. ಬಿಸಿಗಾಳಿ ಮೇಲೇ ಇರುವುದರಿಂದ ಬಟ್ಟೆ ಅಲ್ಲೇ ಬೇಗ ಒಣಗುತ್ತದೆ. ತಮಾಷೆ ಬದಿಗಿಟ್ಟು ಹೇಳಬೇಕೆಂದರೆ, ಇದು ಒಳ್ಳೆಯ ಉಪಾಯ.

ತೊಂದರೆ ಶುರುವಾಗಿದ್ದು ಆಮೇಲೆ. ಅಮ್ಮಾವ್ರು ಹಸಿ ಬೆಡ್‌ಶೀಟೊಂದನ್ನು ಒಂದೇ ಪಕ್ಕಕ್ಕೆ ಹಾಕಿದರು; ರಿಮ್ಮು ವಾಲಿತು, ಉಳಿದ ಬಟ್ಟೆಯೆಲ್ಲ ಅದರ ಮೇಲೆ ಬಂದು ಬಿತ್ತು. ಮಾರನೆಯ ದಿನ ಗೋಡೆಗೆ ಸ್ಲೇಟು ಬಂತು. ಪಂಚೆಯೆದುರು ಪಂಚೆ, ಟವೆಲ್ಲಿನೆದುರು ಟವೆಲ್ಲು, ಒಂಟಿ ಬಟ್ಟೆ ನಿಷಿದ್ಧ.

“ಏನ್ರೀ, ಹಂಗಾದ್ರೆ ಲೆಕ್ಕ ಸರಿಹೋಗ್ಲಿ ಅಂತ ಒಗೀಬೇಕಾ?”

“ಒಗೆಯೋ ಮುಂಚೆ ಯೋಚನೆ ಮಾಡ್ಬೇಕು.”

ಒಂದು ಸಂಜೆ ಮೇಷ್ಟ್ರು ನಮ್ಮ ಮನೆ ಬಾಗಿಲಲ್ಲಿ ನಿಂತು, ಸಕ್ಕರೆ ಕೇಳುವಷ್ಟು ಸಹಜವಾಗಿ ಕೇಳಿದರು: “ಸಾರ್, ಒದ್ದೆ ಬನಿಯನ್ ಒಂದಿದ್ರೆ ಕೊಡ್ರಿ, ಬೆಳಗ್ಗೆ ವಾಪಸ್ ಕೊಡ್ತೀನಿ.” ಕೊಟ್ಟೆವು. ಚೆನ್ನಾಗಿಯೇ ಒಣಗಿ ಬಂತು.

“ಒಂದು ಪೈಸೆ ಖರ್ಚಿಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೊಸದುರ್ಗಕ್ಕೆ ಹೋಗಿಬಂದ ಬಸ್ಸಿನ ಚಾರ್ಜು, ಹಗ್ಗದ ಸುರುಳಿಗೆ ಕಂಡಕ್ಟರ್ ಹರಿದ ಲಗೇಜ್ ಟಿಕೆಟ್ಟು, ಭಾಮೈದನ ಮಕ್ಕಳಿಗೆ ಒಯ್ದ ಸ್ವೀಟು, ರಾಟೆಯ ಬೆಸುಗೆಗೆ ಕೊಟ್ಟ ಕೂಲಿ, ಎಲ್ಲವನ್ನೂ ಅಮ್ಮಾವ್ರು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಾರೆ. ಮೊತ್ತ ಸ್ಟೀಲ್ ಸ್ಟ್ಯಾಂಡಿನ ಬೆಲೆಯನ್ನು ಎಂದೋ ದಾಟಿದೆ. ಆದರೆ ನೆಂಟರು ಬಂದಾಗ ಹಗ್ಗ ಎಳೆದು ತೋರಿಸುವುದು ಆಕೆಯೇ.

ನೀವೂ ಮಾಡುವುದಾದರೆ ಕೊಂಡಿ ಗಟ್ಟಿಯಿದೆಯೇ ಎಂದು ಮೊದಲು ಜಗ್ಗಿ ನೋಡಿ. ಫ್ಯಾನಿನಿಂದ ದೂರ ಕಟ್ಟಿ, ಕಿಟಕಿ ತೆರೆದಿಡಿ, ಬಟ್ಟೆಗಳ ನಡುವೆ ಗಾಳಿಯಾಡಲು ಜಾಗ ಬಿಡಿ, ಬೆಡ್‌ಶೀಟಿಗೆ ಹೊರಗಿನ ತಂತಿಯೇ ಇರಲಿ. ಕರೆದರೆ ಮೇಷ್ಟ್ರೇ ಬಂದು ಕಟ್ಟಿಕೊಡುತ್ತಾರೆ. ಕೂಲಿ ತೆಗೆದುಕೊಳ್ಳುವುದಿಲ್ಲ, ಹೊರಡುವಾಗ ನಿಮ್ಮ ಮನೆಯ ಕೆಟ್ಟ ಇಸ್ತ್ರಿಪೆಟ್ಟಿಗೆಯ ಕಡೆ ನೋಡುತ್ತಾರೆ. ದಯವಿಟ್ಟು ಕೊಡಬೇಡಿ, ಅಮ್ಮಾವ್ರು ನಮ್ಮ ಬೀದಿಯವರಿಗೆಲ್ಲ ಹೇಳಿಟ್ಟಿದ್ದಾರೆ.