ತೂತಿಲ್ಲದ ಕಾವಲಿ

ಎಲ್ಲರ ಮನೆ ದೋಸೆಯೂ ತೂತೇ, ನಮ್ಮ ಮನೆಯಲ್ಲಿ ಕಾವಲಿಯೇ ತೂತು ಅಂತ ಗಾದೆ. ಮುಂಬಯಿಯ ಜೋಗೇಶ್ವರಿಯಲ್ಲಿರುವ ನಮ್ಮ ಭಾವ ಈ ಗಾದೆಯ ಬಾಯಿ ಮುಚ್ಚಿಸಲೆಂದೇ ಹುಟ್ಟಿದವರು. ನೂರು ವರ್ಷವಾದರೂ ತೂತು ಬೀಳದ, ಕೈಯಿಂದ ಜಾರಿ ಬಿದ್ದರೆ ನೆಲದ ಟೈಲ್ಸಿಗೇ ತೂತು ಮಾಡುವ ಎರಕದ ಕಬ್ಬಿಣದ ಬಾಣಲೆಯೊಂದನ್ನು ತರಿಸಿದ್ದಾರೆ. ವಿದೇಶಿ. ಹನ್ನೆರಡು ಇಂಚು ಅಗಲ, ಮೂರೂವರೆ ಕಿಲೋ ಭಾರ. ಬೆಲೆ ಎಷ್ಟು ಅಂತ ಕೇಳಬೇಡಿ. ಅಕ್ಕನಿಗೆ ಹೇಳಿದ ಬೆಲೆ ಒಂದು, ಕಾರ್ಡಿನಿಂದ ಹೋದದ್ದು ಇನ್ನೊಂದು.

ಇಷ್ಟು ದುಡ್ಡು ಕೊಟ್ಟು ಇಷ್ಟು ಭಾರ ಹೊರಬೇಕೇ ಅನ್ನುವುದು ಪ್ರಶ್ನೆ. ಭಾವ ಪ್ರಶ್ನೆಯನ್ನೇ ಒಪ್ಪುವುದಿಲ್ಲ. "ಭಾರ ಇದ್ದಷ್ಟೂ ಶಾಖ ಸಮ ಮಾರಾಯ" ಅನ್ನುತ್ತಾರೆ. ಅರ್ಧ ಸತ್ಯ. ಶಾಖ ಹರಡುವ ವಿಷಯದಲ್ಲಿ ಎರಕದ ಕಬ್ಬಿಣದಷ್ಟು ಸೋಮಾರಿ ಲೋಹ ಅಡುಗೆಮನೆಯಲ್ಲಿ ಕಡಿಮೆ. ಅಲ್ಯೂಮಿನಿಯಂ ಅದಕ್ಕಿಂತ ನಾಲ್ಕು ಪಟ್ಟು ಚುರುಕು, ತಾಮ್ರ ಏಳೆಂಟು ಪಟ್ಟು. ಕಬ್ಬಿಣದ ದೊಡ್ಡಸ್ತಿಕೆ ಬೇರೆ ಕಡೆ ಇದೆ: ಕಾಯಲು ತಡ, ಕಾದ ಮೇಲೆ ಆರಲೂ ತಡ. ತೆಳ್ಳಗಿನ ತವಾದ ಮೇಲೆ ಫ್ರಿಜ್ಜಿನಿಂದ ತೆಗೆದ ಹಿಟ್ಟು ಹೊಯ್ದರೆ ತವಾ ತಕ್ಷಣ ತಣ್ಣಗಾಗಿ ದೋಸೆ ಅಂಟಿಕೊಳ್ಳುತ್ತದೆ. ದಪ್ಪ ಬೀಡಿನ ಕಾವಲಿಗೆ ಒಂದು ಸೌಟು ಹಿಟ್ಟು ಲೆಕ್ಕಕ್ಕೇ ಇಲ್ಲ. ಅದೇ ಬಿಸಿಯಲ್ಲಿ ಅಡಿ ಗರಿಯಾಗುತ್ತದೆ, ಅಂಚು ತಾನಾಗಿಯೇ ಏಳುತ್ತದೆ.

ಆದರೆ ಅದಕ್ಕೆ ಮೊದಲು ಕಾವಲಿ ಪೂರ್ತಿ ಕಾಯಬೇಕಲ್ಲ! ಜೋಗೇಶ್ವರಿಯ ಅಡುಗೆಮನೆಗೆ ಪೈಪಿನಲ್ಲಿ ಬರುವ ಗ್ಯಾಸ್, ಅಂಗೈಯಗಲದ ಬರ್ನರ್. ಅದರ ಮೇಲೆ ಹನ್ನೆರಡು ಇಂಚಿನ ಕಬ್ಬಿಣ. ಉದ್ಘಾಟನೆಯ ದಿನ ಭಾವ ಉರಿ ಪೂರ್ತಿ ಏರಿಸಿ, ಎರಡೇ ನಿಮಿಷಕ್ಕೆ ಹಿಟ್ಟು ಹೊಯ್ದರು. ನಡುಭಾಗ 'ಚುಂಯ್' ಅಂತು, ಅಂಚು ಸುಮ್ಮನಿತ್ತು. ಮಧ್ಯೆ ಕರಿ ಉಂಗುರ, ಸುತ್ತ ಕಂದು, ಅದರಾಚೆ ಹಸಿ ಬಿಳಿ ಹಿಟ್ಟು. ಸಟ್ಟುಗ ಹಾಕಿದರೆ ಬಿಳಿ ಬಂತು, ಕಂದು ಹರಿಯಿತು, ಕರಿ ಹಾಗೇ ಕೂತಿತು. "ಗ್ಯಾಸಿನ ಪ್ರೆಶರ್ ಸಾಲದು" ಅಂದರು ಭಾವ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವುದು ನಮ್ಮೆಲ್ಲರ ನಾಲಗೆ ತುದಿಗೆ ಬಂದಿತ್ತು. ಅಕ್ಕ ಕಣ್ಣಲ್ಲೇ ತಡೆದಳು. ಆಮೇಲೆ ಅವಳೇ ಉರಿ ಸಣ್ಣ ಮಾಡಿ, ಆಗಾಗ ಬಾಣಲೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಹತ್ತು ನಿಮಿಷ ಚಟ್ನಿ ರುಬ್ಬುವಷ್ಟು ಹೊತ್ತು ಬಿಟ್ಟು ಹೊಯ್ದಳು. ಆ ದೋಸೆ ಎದ್ದು ಬಂತು. ಸೋಮಾರಿ ಲೋಹಕ್ಕೆ ತಾಳ್ಮೆಯ ಉರಿ ಬೇಕು, ಬೆಳಿಗ್ಗೆ 8.10ರ ಲೋಕಲ್ ರೈಲು ಹಿಡಿಯುವವರಿಗೆ ಅದು ಎಲ್ಲಿಂದ ಬರಬೇಕು?

ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ದೋಸೆ ಹೇಗೆ ಅಷ್ಟು ಚಂದ ಬರುತ್ತದೆ ಅಂತ ಭಾವನಿಗೆ ಹೊಟ್ಟೆಯುರಿ. ಆ ಹೊಟ್ಟೆಯುರಿಯೇ ಈ ಖರೀದಿಗೆ ಮೂಲ. ಹೋಟೆಲಿನ ಅಡುಗೆಮನೆಗೆ ಒಮ್ಮೆ ಇಣುಕಿ ನೋಡಿ. ಬಾಗಿಲಗಲದ ದಪ್ಪ ಕಬ್ಬಿಣದ ಹಲಗೆ, ಕೆಳಗೆ ಉದ್ದಕ್ಕೂ ಉರಿ. ಭಟ್ಟರು ಒಂದು ಲೋಟ ನೀರು ಎರಚುತ್ತಾರೆ, ನೀರು ಹಾರಿಹೋಗುವ ಸದ್ದು ಕೇಳುತ್ತಾರೆ, ಹಿಡಿಸೂಡಿಯಿಂದ ಒಮ್ಮೆ ಗುಡಿಸಿ, ಒಂದೇ ಸಾಲಿಗೆ ಐದಾರು ದೋಸೆ ಬರೆಯುತ್ತಾರೆ. ನೀರು ಎರಚುವುದು ಶುದ್ಧಿಗೆ ಮಾತ್ರವಲ್ಲ, ಅತಿಯಾದ ಕಾವು ಇಳಿಸಲಿಕ್ಕೆ. ಕಾವು ಮಿತಿಮೀರಿದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಹೊತ್ತಿಸಿದ ಉರಿ ರಾತ್ರಿಯವರೆಗೂ ಆರುವುದಿಲ್ಲ, ಹಲಗೆಗೆ ಎಣ್ಣೆ ತಪ್ಪುವುದಿಲ್ಲ. ಆ ಹಲಗೆಗೆ ಬ್ರಾಂಡಿಲ್ಲ, ಡಬ್ಬವಿಲ್ಲ, ಇಪ್ಪತ್ತು ಪುಟದ ಕೈಪಿಡಿ ಇಲ್ಲ. ಭಾವನ ಬಾಣಲೆಗೆ ಮೂರೂ ಇವೆ. ಇಲ್ಲದ್ದು ದಿನಾ ದೋಸೆ ಹೊಯ್ಯುವ ಕೈ.

ಪಳಗಿಸುವುದು ಅಂದರೆ ಮಂತ್ರವಿದ್ಯೆಯೇನಲ್ಲ. ಕಾದ ಕಬ್ಬಿಣದ ಮೇಲೆ ತೆಳ್ಳಗೆ ಸವರಿದ ಎಣ್ಣೆ ಹೊಗೆಯಾಡುವಷ್ಟು ಬಿಸಿಯಾದಾಗ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಪೊರೆಯ ಮೇಲೆ ಪೊರೆ ಕೂತು ಕಾವಲಿ ಕಪ್ಪಗೆ ಮಿರುಗುತ್ತದೆ. ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ, ಪ್ರತಿ ದೋಸೆಗೂ ಮೊದಲು ಕಾವಲಿಗೆ ಉಜ್ಜುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ದಿನಕ್ಕೆ ಎರಡು ಡಜನು ದೋಸೆ ಹೊಯ್ಯುವ ಹಣೆಬರಹ ಇತ್ತು. 'ಪಳಗಿಸಿಯೇ ಕಳಿಸಿದ್ದೇವೆ' ಅಂತ ಡಬ್ಬದ ಮೇಲೆ ಬರೆದದ್ದನ್ನು ನಾನು ಓಶಿವಾರಾದ ಫರ್ನಿಚರ್ ಮಾರ್ಕೆಟಿನ 'ಪುರಾನಾ ಮಾಲ್ ಹೈ ಸಾಬ್' ಎಂಬ ಮಾತಿನಷ್ಟೇ ನಂಬುತ್ತೇನೆ. ತುಕ್ಕು ಹಿಡಿಯದಿರಲು ಆ ಒಂದು ಕೋಟು ಸಾಕು, ನೀರುದೋಸೆ ಏಳಲು ಸಾಲದು.

ಕಪ್ಪಾಗುತ್ತಾ ಬಂದ ಬಾಣಲೆಗೆ ಅಡ್ಡ ಬಂದವರು ಮನೆಕೆಲಸದ ಬಾಯಿ. ಜೋಗೇಶ್ವರಿ ಈಸ್ಟಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯೆಂದ ಮೇಲೆ ಪಾತ್ರೆ ತೊಳೆಯುವ ಬಾಯಿ ಇರಲೇಬೇಕು. ಆಕೆ ಮೊದಲ ದಿನ ಒಂದು ಕೈಯಲ್ಲಿ ಎತ್ತಲು ನೋಡಿದಳು, ಎರಡು ಕೈ ಹಾಕಿದಳು, ಇಳಿಸಿ ಸೊಂಟಕ್ಕೆ ಕೈಯಿಟ್ಟು, "ಭಾಭೀ, ಯೇ ಮೇರೇ ಸೇ ನಹೀ ಹೋಗಾ" ಅಂದಳು. ಆಮೇಲೊಂದು ದಿನ ಮನಸ್ಸು ಕರಗಿತು. ಇಷ್ಟು ಕಪ್ಪಾಗಿದೆಯಲ್ಲ ಪಾಪ ಅಂತ ತಂತಿ ಗುಂಜು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಿ ಮಾಡಿಟ್ಟಳು. ತಿಂಗಳುಗಟ್ಟಲೆ ಕೂರಿಸಿದ ಪೊರೆ ಮೋರಿ ಸೇರಿತು. ಭಾವ ಆ ಸಂಜೆ ಊಟ ಬಿಟ್ಟರು. ಅಂದಿನಿಂದ ಆ ಬಾಣಲೆ ತೊಳೆಯುವ ಕೆಲಸ ಅವರದೇ, ಮನೆಯಲ್ಲಿ ಅವರು ತೊಳೆಯುವ ಏಕೈಕ ಪಾತ್ರೆ. ಈ ಬಾಣಲೆಯಿಂದ ಲಾಭವೇ ಇಲ್ಲ ಅಂತ ಯಾರೂ ಹೇಳುವಂತಿಲ್ಲ ಅನ್ನುತ್ತಾಳೆ ಅಕ್ಕ.

ಸಾಬೂನು ತಾಗಿಸಲೇಬಾರದು ಅಂತ ಭಾವ ಕಟ್ಟಪ್ಪಣೆ ಮಾಡಿದ್ದಾರೆ. ಅದೂ ಅತಿಯಾಯಿತು. ಹಿಂದಿನ ಕ್ಷಾರದ ಸಾಬೂನಿಗೆ ಹೆದರಿ ಹುಟ್ಟಿದ ಮಡಿ ಅದು. ಈಗಿನ ಪಾತ್ರೆ ತೊಳೆಯುವ ದ್ರವ ಒಂದು ಹನಿ ಬಿದ್ದರೆ ಗಟ್ಟಿಯಾದ ಪೊರೆಗೆ ಏನೂ ಆಗದು. ಶತ್ರುಗಳು ಬೇರೆಯೇ ಇದ್ದಾರೆ: ತಂತಿ ಗುಂಜು, ರಾತ್ರಿಯಿಡೀ ನೆನೆಹಾಕುವುದು, ಹುಣಸೆಹುಳಿ, ಮತ್ತು ಮುಂಬಯಿಯ ಮಳೆಗಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ ಕಬ್ಬಿಣ ಒರೆಸಿಡದೆ ಹೋದರೆ ಮರುದಿನ ಕೆಂಪು. ಎಣ್ಣೆ ಸವರದೆ ಮೇ ತಿಂಗಳಲ್ಲಿ ಊರಿಗೆ ಹೋಗಿ ಮೊದಲ ಮಳೆ ಬಿದ್ದ ಮೇಲೆ ಬಂದರೆ ಬಾಣಲೆ ಕಾವಿ ಉಟ್ಟು ಕೂತಿರುತ್ತದೆ. ತುಕ್ಕು ಬಂತು ಅಂತ ಎಸೆಯಬೇಕಾಗಿಲ್ಲ ಅನ್ನುವುದು ಮಾತ್ರ ನಿಜ. ಉಜ್ಜಿ ತೆಗೆದು ಮತ್ತೆ ಪಳಗಿಸಿದರೆ ಮೊದಲಿನಂತೆಯೇ.

ಇನ್ನು ಆರೋಗ್ಯ. ಖರ್ಚಿಗೆ ಅಕ್ಕ ಲೆಕ್ಕ ಕೇಳಿದಾಗಲೆಲ್ಲ ಭಾವ ಹಿಮೋಗ್ಲೋಬಿನ್ ಮುಂದಿಡುತ್ತಾರೆ. ತಮಾಷೆಯ ವಿಷಯವಲ್ಲ, ಒಪ್ಪಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ನಮ್ಮ ಹೆಂಗಸರಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ. ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳಲ್ಲಿ ಅಲ್ಯೂಮಿನಿಯಂ ಪಾತ್ರೆಯದು ಉಂಡವರಿಗಿಂತ ರಕ್ತಹೀನತೆ ತಗ್ಗಿತ್ತು ಅನ್ನುವ ಅಧ್ಯಯನ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸರಿ, ಆದರೆ ಭಾವ ಮರೆತದ್ದೊಂದಿದೆ. ಕಬ್ಬಿಣ ಅಡುಗೆಗೆ ಇಳಿಯುವುದು ಹುಳಿ ಬಿದ್ದಾಗ, ನೀರಿನಂಶದಲ್ಲಿ ತುಂಬ ಹೊತ್ತು ಕುದಿದಾಗ. ಆ ಹುಳಿಯೇ ಪೊರೆಯನ್ನೂ ತಿನ್ನುತ್ತದೆ. ಬಾಣಲೆ ಕನ್ನಡಿಯಂತೆ ಪಳಗಿದಷ್ಟೂ ಊಟಕ್ಕೆ ಬರುವ ಕಬ್ಬಿಣ ಕಡಿಮೆ. ಊಟಕ್ಕೆ ಬೇಕೆಂದರೆ ಬಾಣಲೆಯ ಚಂದ ಹಾಳು. ದೋಸೆ ಏಳಬೇಕೋ ರಕ್ತ ಏರಬೇಕೋ ಭಾವ, ಮೊದಲು ಅದನ್ನು ತೀರ್ಮಾನಿಸಿ. ಅಕ್ಕ ಒಮ್ಮೆ ಅದರಲ್ಲಿ ಬಂಗುಡೆ ಪುಳಿಮುಂಚಿ ಮಾಡಿದಳು. ಮೀನು ಕಪ್ಪಾಯಿತು, ಸಾರಿಗೆ ರೈಲಿನ ಕಿಟಕಿ ಸರಳು ನೆಕ್ಕಿದ ರುಚಿ ಬಂತು. ಈಗ ಮೀನಿಗೆ ಮತ್ತೆ ಮಣ್ಣಿನ ಅಳಗೆ.

ಭಾವನ ಕೊನೆಯ ಅಸ್ತ್ರ, "ಇದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ." ಇರುತ್ತದೆ, ಸಂಶಯವಿಲ್ಲ. ಕೂಗಳತೆಯಲ್ಲೇ ಇರುವ ಜೋಗೇಶ್ವರಿ ಗುಹೆಗಳು ಆರನೆಯ ಶತಮಾನದಿಂದ ಇದ್ದಲ್ಲೇ ಇವೆ, ಮೇಲೂ ಸುತ್ತಲೂ ಗುಡಿಸಲು ಎದ್ದರೂ ಅಲ್ಲಾಡಿಲ್ಲ. ಆದರೆ ಭಾವ ಗುಹೆಯಲ್ಲಿ ವಾಸವಿಲ್ಲ, 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಮನೆಯಲ್ಲಿದ್ದಾರೆ. ಅಗ್ರಿಮೆಂಟು ಮುಗಿದಾಗಲೆಲ್ಲ ಮಾಲೀಕರು ಬಾಡಿಗೆ ಏರಿಸುತ್ತಾರೆ, ಭಾವ ಟೆಂಪೋ ಹುಡುಕುತ್ತಾರೆ. ತಲೆಮಾರುಗಟ್ಟಲೆ ಬಾಳುವ ಬಾಣಲೆಗೆ ವರ್ಷಕ್ಕೊಂದು ವಿಳಾಸ. ಮೊಮ್ಮಕ್ಕಳ ಮಾತಂತೂ ಬಿಡಿ. ಮಗ ಈಗಾಗಲೇ ಏರ್ ಫ್ರೈಯರಿಗೆ ದೀಕ್ಷೆ ತಗೊಂಡಿದ್ದಾನೆ.

ಹಾಗಾದರೆ ಕೊಳ್ಳಬಾರದೇ? ಕೊಳ್ಳಿ ಮಾರಾಯ್ರೆ, ಒಂದೇ ಒಂದು. ಬೀಡಿನ ಕಾವಲಿ, ನಿಮ್ಮ ಬರ್ನರಿಗೆ ಒಪ್ಪುವ ಅಗಲದ್ದು, ಹತ್ತು ಇಂಚಿನೊಳಗೆ. ಅದು ದುಬಾರಿಯದ್ದಾಗಬೇಕಿಲ್ಲ. ಕಬ್ಬಿಣಕ್ಕೆ ಎರಡರಿಂದ ನಾಲ್ಕು ಶೇಕಡ ಇಂಗಾಲ ಸೇರಿದರೆ ಅದು 1,200 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ನೀರಾಗುತ್ತದೆ, ಮರಳಿನ ಅಚ್ಚಿಗೆ ಹೊಯ್ದರೆ ಪಾತ್ರೆಯಾಗುತ್ತದೆ. ಈ ಕೆಲಸಕ್ಕೆ ವಿದೇಶವೇ ಬೇಕೆಂದಿಲ್ಲ. ಬೆಳಗಾವಿ, ಕೊಲ್ಲಾಪುರದ ಎರಕದ ಕಾರ್ಖಾನೆಗಳು ದೇಶದ ಗಾಡಿಗಳಿಗೆಲ್ಲ ಬಿಡಿಭಾಗ ಹೊಯ್ದುಕೊಡುತ್ತವೆ. ಅಚ್ಚಿನ ಮರಳಿನ ತರಿಯೇ ಕಾವಲಿಯ ಮೈಮೇಲೂ ಮೂಡುತ್ತದೆ. ಹೆಚ್ಚಿನ ದುಡ್ಡಿನ ಒಂದು ಪಾಲು ಆ ತರಿಯನ್ನು ಯಂತ್ರದಲ್ಲಿ ಉಜ್ಜಿ ನುಣುಪು ಮಾಡಿದ್ದಕ್ಕೆ, ಇನ್ನೊಂದು ಪಾಲು ಹಡಗಿನ ಬಾಡಿಗೆಗೆ, ಉಳಿದದ್ದು ಹೆಸರಿಗೆ. ನುಣುಪಿಗೆ ಬೆಲೆ ಕೊಡುವುದರಲ್ಲಿ ಅರ್ಥವಿದೆ, ನೀರುದೋಸೆ ಬೇಗ ಒಲಿಯುತ್ತದೆ. ಹೆಸರಿಗೆ ಕೊಡುವುದು ನಿಮ್ಮ ಇಷ್ಟ. ಫ್ರಾನ್ಸಿನ ಲ ಕ್ರೂಸೆಯವರು 1925ರಿಂದ ಬಣ್ಣದ ಎನಾಮೆಲ್ ಹಚ್ಚಿದ ಎರಕದ ಪಾತ್ರೆ ಮಾಡುತ್ತಿದ್ದಾರೆ, ಹುಳಿ ಹಾಕಿದರೂ ಏನೂ ಆಗದು, ನೋಡಲು ದೇವರ ಮಂಟಪದಲ್ಲಿ ಇಡಬೇಕು ಅನ್ನಿಸುವ ಹಾಗಿವೆ. ಬೆಲೆ ಐದಂಕಿ. ಅಷ್ಟು ಕೊಟ್ಟ ಮೇಲೆ ಅದರಲ್ಲಿ ಹುರುಳಿ ಸಾರು ಕುದಿಸಲು ನನಗಂತೂ ಧೈರ್ಯ ಬಾರದು.

ನಮ್ಮ ಕಡೆಯವರಿಗೆ ಇದಕ್ಕಿಂತ ಸುಲಭದ ದಾರಿ ಮೊದಲಿನಿಂದಲೂ ಇದೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾದಂದಿನಿಂದ ಕರಾವಳಿಯ ಎಷ್ಟೋ ಕಾವಲಿಗಳು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನಡಿ ಮಲಗಿ ಮುಂಬಯಿಗೆ ಬಂದಿವೆ, ಕುಚ್ಚಲಕ್ಕಿ ಚೀಲದ ಪಕ್ಕ, ಹಳೆ ಪಂಚೆ ಸುತ್ತಿಕೊಂಡು. ಅತ್ತೆಯದ್ದೋ ಅಮ್ಮನದ್ದೋ ಆದರೆ ಪಳಗಿಸುವ ಕೆಲಸವೂ ಇಲ್ಲ. ಹೊಸದಾದರೆ ಸಂತೆಯಲ್ಲಿ ಕೆಲವು ನೂರಕ್ಕೆ ಸಿಗುತ್ತದೆ. ಅಕ್ಕಿ ತೊಳೆದ ನೀರೋ ಗಂಜಿ ತಿಳಿಯೋ ಹಾಕಿ ನಾಲ್ಕು ದಿನ ನೆನೆಸಿ, ದಿನಾ ನೀರು ಬದಲಿಸಿ, ತೊಳೆದು ಒಲೆಯ ಮೇಲೆ ಒಣಗಿಸಿ, ಎಣ್ಣೆ ಹಚ್ಚಿ ಈರುಳ್ಳಿ ಹುರಿದು ಬಿಸಾಡಿ. ಮೊದಲ ಕೆಲವು ದೋಸೆ ಕಾಗೆಗೆ. ಒಂದೇ ಎಚ್ಚರ, ಎರಕದ ಕಬ್ಬಿಣ ನೋಡಲು ಪೈಲ್ವಾನ, ಸ್ವಭಾವದಲ್ಲಿ ಗಾಜು. ಕಲ್ಲಿನ ಮೇಲೆ ಬಿದ್ದರೆ ಬಿರುಕು, ಕಾದದ್ದಕ್ಕೆ ತಣ್ಣೀರು ಹೊಯ್ದರೂ ಬಿರುಕು. ಆಮೇಲೆ ಭಂಗಾರ್‌ವಾಲನೇ ಗತಿ. ಅವನ ತಕ್ಕಡಿಯಲ್ಲಿ ಸಂತೆಯದ್ದಕ್ಕೂ ಸ್ವದೇಶಿಗೂ ವಿದೇಶಿಗೂ ಕಿಲೋಗೆ ಒಂದೇ ರೇಟು.

ನಾನ್-ಸ್ಟಿಕ್ ಸಾಕಲ್ಲ ಅನ್ನುವವರಿಗೆ ನನ್ನ ಜಗಳವಿಲ್ಲ. ಆ ಲೇಪದ ವಸ್ತು 1938ರಲ್ಲಿ ರಾಯ್ ಪ್ಲಂಕೆಟ್ ಎಂಬವನ ಪ್ರಯೋಗಾಲಯದಲ್ಲಿ ಅಕಸ್ಮಾತ್ ಸಿಕ್ಕಿದ್ದು, ಹಗುರ, ಬಾಯಿಗೂ ಸಿಟ್ಟು ಬಾರದು. 260 ಡಿಗ್ರಿ ದಾಟಿದರೆ ಕೆಡಲು ಶುರು, ಖಾಲಿ ತವಾ ಕಾಯಲು ಬಿಟ್ಟು ಫೋನು ಹಿಡಿಯುವ ಮನೆಯಲ್ಲಿ ಅದಕ್ಕೆ ಬಹಳ ಹೊತ್ತು ಬೇಡ. ಕಬ್ಬಿಣದ ಸಟ್ಟುಗ ತಾಗಿಸಿದರೆ ಗೀರು. ಒಂದು ದೀಪಾವಳಿಯ ಆಫರಿನಲ್ಲಿ ಬಂದದ್ದು ಮೂರನೆಯ ದೀಪಾವಳಿ ಕಂಡರೆ ಪುಣ್ಯ. ಲೆಕ್ಕ ಹಾಕಿದರೆ ಸಂತೆಯ ಕಾವಲಿಗೆ ಗೆಲುವು. ಭಾವನ ಬಾಣಲೆಯ ಲೆಕ್ಕ ಹಾಕಲು ಅಕ್ಕ ಇನ್ನೂ ನಿಜವಾದ ಬಿಲ್ಲಿಗೆ ಕಾಯುತ್ತಿದ್ದಾಳೆ.

ಸದ್ಯ ಅದು ಮಾವಿನ ಮಿಡಿ ಉಪ್ಪಿನಲ್ಲಿ ಮುಳುಗಿರಲೆಂದು ಭರಣಿಯ ತಟ್ಟೆಯ ಮೇಲೆ ಭಾರವಾಗಿ ಕೂತಿದೆ, ಆ ಕೆಲಸ ಬಹಳ ಚೆನ್ನಾಗಿ ಮಾಡುತ್ತಿದೆ. ಭಾವ ಮಾತ್ರ ಸೋತಿಲ್ಲ. ನೀರುದೋಸೆ ಹಬೆಯಲ್ಲಿ ಬೇಯಬೇಕು, ತಪ್ಪೆಲ್ಲ ಮುಚ್ಚಳವಿಲ್ಲದ್ದರದ್ದು ಅಂತ ಈಗ ಹೊಸ ಶೋಧ. ಯಾವುದಾದರೂ ಹಳೆ ಅಲ್ಯೂಮಿನಿಯಂ ತಟ್ಟೆ ಮುಚ್ಚಿದರೆ ಸಾಕು ಭಾವ ಅಂದೆ. ಇಲ್ಲವಂತೆ, ಅದೇ ಕಂಪನಿಯದ್ದೇ ಬೇಕಂತೆ, ಬೇರೆ ಕೊಳ್ಳಬೇಕಂತೆ. ಅದೂ ಎರಕದ್ದೇ. ತೂಕ ಎಷ್ಟು ಅಂತ ಅಕ್ಕ ಒಳಗಿನಿಂದಲೇ ಕೇಳಿದಳು. ಭಾವ ಟಿವಿಯ ಸದ್ದು ಜೋರು ಮಾಡಿದರು.