ಒರೆಸಿದವರಿಗೊಂದು ಸನ್ಮಾನ

ಹಾಡಿದವರಿಗೆ ಶಾಲು ಹೊದಿಸುತ್ತೇವೆ, ಬರೆದವರಿಗೆ ಹಾರ ಹಾಕುತ್ತೇವೆ, ಕುಣಿದವರ ಕೈಗೆ ಹಣ್ಣಿನ ಬುಟ್ಟಿ ಕೊಡುತ್ತೇವೆ. ಒರೆಸಿದವರನ್ನು ಮಾತ್ರ ಇವತ್ತಿನವರೆಗೆ ಯಾರೂ ವೇದಿಕೆಗೆ ಕರೆದಿಲ್ಲ. ಆ ಅನ್ಯಾಯ ಸರಿಪಡಿಸಲೆಂದೇ ಈ ನಾಲ್ಕು ಮಾತು. ಸನ್ಮಾನಿತರು ಜಪಾನಿನವರು. ಹೆಸರು ಎಲ್ಲೂ ಅಚ್ಚಾಗಿಲ್ಲ. ನಿಸ್ವಾರ್ಥ ಸೇವೆಗೆ ಇದಕ್ಕಿಂತ ಸಾಕ್ಷಿ ಬೇಕೆ?

1961ರ ಏಪ್ರಿಲ್ 3ರಂದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ‘ಮಿನ್ನಾ ನೊ ಉತಾ’ ಎಂಬ ಪುಟ್ಟ ಕಾರ್ಯಕ್ರಮ ಶುರು ಮಾಡಿತು. ನಮ್ಮ ಮಾತಿನಲ್ಲಿ ‘ಎಲ್ಲರ ಹಾಡು’. ಐದೇ ನಿಮಿಷ, ಒಂದೊಂದು ಹಾಡಿಗೂ ಅದರದೇ ಚಿತ್ರ. ಕೆಲವಕ್ಕೆ ವ್ಯಂಗ್ಯಚಿತ್ರದ ಗೊಂಬೆಗಳು ಕುಣಿದವು, ಕೆಲವಕ್ಕೆ ಕ್ಯಾಮೆರಾ ಹೊರಗೆ ಹೋಗಿ ಬಂತು. ಮೊದಲ ಹಾಡು ಹಸಿರು ಹುಲ್ಲುಗಾವಲನ್ನು ಕುರಿತದ್ದು, ಧಾಟಿ ಚೆಕೊಸ್ಲೊವಾಕಿಯಾ ಕಡೆಯ ಜನಪದರದು. ಮರುವರ್ಷ ಬಂದ ಇನ್ನೊಂದು ಹಾಡಿನಲ್ಲಿ ಅಂಗೈಯನ್ನು ಸೂರ್ಯನಿಗೆ ಹಿಡಿದರೆ ಒಳಗಿನ ರಕ್ತ ಕೆಂಪಗೆ ಕಾಣುತ್ತದೆಂಬ ಮಕ್ಕಳ ಬೆರಗಿತ್ತು. ಅದನ್ನು ಬರೆದ ಯಾನಾಸೆ ತಕಾಶಿ ಮುಂದೆ ‘ಅನ್‌ಪಾನ್‌ಮಾನ್’ ಎಂಬ ಬನ್ನುಮುಖದ ವೀರನನ್ನು ಹುಟ್ಟಿಸಿ ಮನೆಮಾತಾದರು. ಕುರಿ ಯೋಜಿ, ವಾದಾ ಮಕೊತೊ ಅವರಂಥ ಹೆಸರಾಂತ ಚಿತ್ರಕಾರರೂ ಈ ಹಾಡುಗಳಿಗಾಗಿ ಕುಂಚ ಹಿಡಿದರು.

ಇಷ್ಟು ಜನ ಇಷ್ಟು ಕಷ್ಟಪಟ್ಟು ಹಾಡು ಪ್ರಸಾರವಾಯಿತು. ಆಮೇಲೆ? ಆಮೇಲೆ ಬಂದರು ನಮ್ಮ ಸನ್ಮಾನಿತರು.

ಆ ಕಾಲದ ವಿಡಿಯೊ ಟೇಪು ಎಂದರೆ ಎರಡು ಇಂಚು ಅಗಲದ ಪಟ್ಟಿ. ಸುರುಳಿಯ ಬೆಲೆ ಕೇಳಿದರೆ ಲೆಕ್ಕಪತ್ರದವರಿಗೆ ತಲೆ ಸುತ್ತು ಬರುತ್ತಿತ್ತು. ಆದರೆ ಅದಕ್ಕೊಂದು ದೊಡ್ಡ ಗುಣ: ಅಯಸ್ಕಾಂತದ ಬಲದಿಂದ ಬರೆದದ್ದನ್ನು ಅಯಸ್ಕಾಂತದ ಬಲದಿಂದಲೇ ಅಳಿಸಿ ಮತ್ತೆ ಬರೆಯಬಹುದು. ಟೇಪಿನ ಮೇಲಿರುವ ಕಬ್ಬಿಣದ ಆಕ್ಸೈಡಿನ ಕಣಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತು ಹಾಡನ್ನು ಹಿಡಿದಿಟ್ಟುಕೊಂಡಿರುತ್ತವೆ. ಬಲವಾದ ಕಾಂತಕ್ಷೇತ್ರದ ಮುಂದೆ ಹಿಡಿದರೆ ಸಾಕು, ಬಿಡುವಿನ ಗಂಟೆ ಬಾರಿಸಿದಂತೆ ಚೆಲ್ಲಾಪಿಲ್ಲಿ. ಹಾಡು ಹೋಯಿತು, ಟೇಪು ಉಳಿಯಿತು. ಮುಂದಿನ ಕಾರ್ಯಕ್ರಮಕ್ಕೆ ಸಿದ್ಧ.

ಇದನ್ನು ನಾಶ ಎನ್ನುವವರು ನಮ್ಮ ಅಜ್ಜಿಯರ ಸಂಸಾರ ನೋಡಿಲ್ಲ. ಉಟ್ಟು ಸವೆದ ಸೀರೆ ಕೌದಿಯಾಗುತ್ತಿತ್ತು, ಹರಿದ ಕೌದಿ ಒರೆಸುವ ಬಟ್ಟೆಯಾಗುತ್ತಿತ್ತು. ಯಾವ ಸೀರೆಯೂ ‘ನಾನು ಮದುವೆಯ ಸೀರೆ’ ಎಂದು ತಕರಾರು ಮಾಡಿದ್ದಿಲ್ಲ. ಬೆಳಿಗ್ಗೆ ಹಾಕಿದ ರಂಗೋಲಿಗೆ ಯಾರಾದರೂ ಗಾಜಿನ ಚೌಕಟ್ಟು ಹಾಕಿಸುತ್ತಾರೆಯೇ? ಮೇಲಾಗಿ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಕ್ಕ ನಾಡಿನವರು ನಾವು. ಹಾಡಿದ್ದನ್ನು ಮತ್ತೆ ಹಾಡಲಾಗದಂತೆ ಪಕ್ಕಾ ವ್ಯವಸ್ಥೆ ಮಾಡಿದವರಿಗೆ ಕೈ ಮುಗಿಯಬೇಡವೆ?

ದೂರದೃಷ್ಟಿಯನ್ನೂ ಮೆಚ್ಚಬೇಕು. ಮಕ್ಕಳು ಹೇಗೂ ದೊಡ್ಡವರಾಗುತ್ತಾರೆ. ದೊಡ್ಡವರಾದ ಮೇಲೆ ಮಕ್ಕಳ ಹಾಡು ಯಾರಿಗೆ ಬೇಕು? ಇಂಥ ವಿವೇಕ ಜಪಾನಿಗಷ್ಟೇ ಸೀಮಿತವೂ ಅಲ್ಲ. ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನು ಬಹುಶಃ ಅಳಿಸಿ ಮತ್ತೆ ಬಳಸಿಬಿಟ್ಟಿದ್ದೇವೆ ಎಂದು 2009ರಲ್ಲಿ ನಾಸಾದವರೇ ಹೇಳಿದರು. ಚಂದ್ರನನ್ನೇ ಒರೆಸಿದವರ ಪಂಕ್ತಿಯಲ್ಲಿ ಹುಲ್ಲುಗಾವಲು ಒರೆಸಿದವರಿಗೂ ಒಂದು ಎಲೆ ಹಾಕಲೇಬೇಕು.

ಇನ್ನು ಅವರ ಕಲೆಗಾರಿಕೆ. ಪೂರ್ತಿ ಒರೆಸುವುದು ಒರಟರ ಕೆಲಸ, ಅರ್ಧ ಒರೆಸುವುದೇ ಕಲೆ. ‘ಮಿನ್ನಾ ನೊ ಉತಾ’ದ ಆರಂಭದ ವರ್ಷಗಳ ಎಷ್ಟೋ ಹಾಡುಗಳದು ಇದೇ ಕತೆ. ಸ್ವರ ಇದೆ, ಸಾಹಿತ್ಯ ಇದೆ, ಚಿತ್ರ ಇಲ್ಲ. ಧ್ವನಿ ಸಿಕ್ಕರೆ ದೃಶ್ಯ ಇಲ್ಲ. ಕಣ್ಣು ಮುಚ್ಚಿ ಕೇಳಿ, ಚಿತ್ರ ನೀವೇ ಬರೆದುಕೊಳ್ಳಿ ಎಂದು ನೋಡುಗರ ಕಲ್ಪನಾಶಕ್ತಿಯ ಮೇಲೆ ಇಟ್ಟ ನಂಬಿಕೆ ಇದು.

ನಮ್ಮ ಮನೆಯಲ್ಲೂ ಇಂಥ ಕಲಾವಿದರೊಬ್ಬರಿದ್ದರು, ನನ್ನ ದೊಡ್ಡಪ್ಪ. ನಾಲ್ಕನೇ ವಯಸ್ಸಿನಲ್ಲಿ ನಾನು ಟೇಪ್ ರೆಕಾರ್ಡರ್ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಹಾಡಿದ್ದ ಶಿಶುಗೀತೆಯನ್ನು ಅಪ್ಪ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದರು. ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ, ಒಳಗಿದ್ದದ್ದು ಭದ್ರ. ಅಪ್ಪ ಪೆನ್ನಿನ ತುದಿಯಿಂದ ಚೂರು ಮುರಿದು ಕ್ಯಾಸೆಟ್ ಎತ್ತಿಟ್ಟರು. ದೊಡ್ಡಪ್ಪ ಅದೇ ತೂತಿನ ಮೇಲೆ ಒಂದಿಂಚು ಗಮ್ ಟೇಪ್ ಅಂಟಿಸಿ, ದೇವಸ್ಥಾನಕ್ಕೆ ಹೋಗಿ ಹರಿಕಥೆ ರೆಕಾರ್ಡ್ ಮಾಡಿಕೊಂಡು ಬಂದರು.

“ಅಯ್ಯೋ ಭಾವ, ಅದರಲ್ಲಿ ಮಗು ಹಾಡಿತ್ತಲ್ಲ” ಎಂದಳು ಅಮ್ಮ.

“ಮಗು ಇಲ್ಲೇ ಇದೆಯಲ್ಲಮ್ಮ, ಇನ್ನೊಂದು ಸಲ ಹಾಡಿಸಿದರಾಯಿತು” ಎಂದರು ದೊಡ್ಡಪ್ಪ.

ಆ ಮಾತಿಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹರಿಕಥೆ ಮಾತ್ರ ಕ್ಯಾಸೆಟ್ಟಿಗಿಂತ ಸ್ವಲ್ಪ ಮೊದಲೇ ಮುಗಿದಿತ್ತು. ಮಂಗಳ, ಆಮೇಲೆ ‘ಟಕ್’ ಎಂಬ ಸದ್ದು, ಅದರ ಹಿಂದೆಯೇ ನನ್ನ ಹಾಡಿನ ಕೊನೆಯ ಸಾಲು, ಅಪ್ಪ “ಭೇಷ್” ಅಂದದ್ದು. ಒಟ್ಟು ಐದು ಸೆಕೆಂಡು. ಅಪ್ಪನ ದನಿ ಈಗ ನನ್ನ ಹತ್ತಿರ ಇರುವುದು ಅಷ್ಟೇ.

ಮತ್ತೆ ಜಪಾನಿಗೆ ಬರೋಣ. 2011ರಲ್ಲಿ ಕಾರ್ಯಕ್ರಮಕ್ಕೆ ಐವತ್ತು ತುಂಬಿತು. ಹಬ್ಬಕ್ಕೆಂದು ಗೋದಾಮು ತೆರೆದರೆ ಹಳೆಯ ಹಾಡುಗಳಲ್ಲಿ ಎಷ್ಟೋ ಇಲ್ಲ. ಆಗ ಎನ್‌ಎಚ್‌ಕೆ ‘ಉತ್ಖನನ’ಕ್ಕೆ ಇಳಿಯಿತು. ನಿಮ್ಮ ಮನೆಯಲ್ಲಿ ನಮ್ಮ ಹಾಡು ಇದ್ದರೆ ದಯವಿಟ್ಟು ಕಳಿಸಿ ಎಂದು ನೋಡುಗರನ್ನೇ ಕೇಳಿಕೊಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಂಗಿಸುವವರು ಹಂಗಿಸಲಿ. ನನಗೆ ಕಂಡದ್ದು ಆಡಳಿತದ ಜಾಣ್ಮೆ. ಗೋದಾಮಿನ ಬಾಡಿಗೆ ಇಲ್ಲ, ಕಾವಲುಗಾರನ ಸಂಬಳ ಇಲ್ಲ. ಐವತ್ತು ವರ್ಷ ಊರವರ ಅಟ್ಟದಲ್ಲಿ ಪುಕ್ಕಟೆ ದಾಸ್ತಾನು!

ದಾಸ್ತಾನು ಇದ್ದದ್ದೂ ನಿಜ. ಬೀಟಾಮ್ಯಾಕ್ಸ್ 1975ರಲ್ಲಿ, ವಿಎಚ್‌ಎಸ್ 1976ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಮನೆಯಲ್ಲೇ ಚಿತ್ರ ಹಿಡಿದಿಡುವುದು ಸಲೀಸಾಯಿತು. ಅದಕ್ಕೂ ಮೊದಲು ಟಿವಿಯ ಮುಂದೆ ಮೈಕು ಹಿಡಿದು ಹಾಡನ್ನಷ್ಟೇ ಹಿಡಿದವರಿದ್ದರು. ಮೈಕಿಗೆ ಹಾಡು ಯಾವುದು, ಅಡುಗೆಮನೆಯ ತಟ್ಟೆ ಸದ್ದು ಯಾವುದು ಎಂಬ ಭೇದವಿಲ್ಲ. ಎಲ್ಲವನ್ನೂ ಉಳಿಸಿತು. ಹೀಗೆ ಮನೆಗಳಿಂದ ಬಂದ ಎಷ್ಟೋ ಹಾಡುಗಳು ಮತ್ತೆ ಪ್ರಸಾರವಾದವು. ಸಂಸ್ಥೆ ಇಟ್ಟ ಹೆಸರು ‘ಎಲ್ಲರ ಹಾಡು’. ಹೆಸರಿಗೆ ಮಾತು ಕೊಟ್ಟಂತೆ ನಡೆದುಕೊಂಡವರು ಮಾತ್ರ ಆ ಎಲ್ಲರೇ.

ಇಲ್ಲಿಗೆ ಅಭಿನಂದನೆ ಮುಗಿಯಿತು. ಸನ್ಮಾನಿತರಿಗೆ ಕೊಡಲು ಒಂದು ಮಾನಪತ್ರವನ್ನೂ ಬರೆಸಿದ್ದೆ, ಸ್ಲೇಟಿನ ಮೇಲೆ, ಬಳಪದಲ್ಲಿ. ಅವರಿಗೆ ಅನುಕೂಲವಾಗಲಿ ಎಂದು.

ಓದುಗರಲ್ಲಿ ಒಂದೇ ವಿನಂತಿ. ಈ ದೀಪಾವಳಿಗೆ ಅಟ್ಟ ಗುಡಿಸುವಾಗ ಹಳೆಯ ಕ್ಯಾಸೆಟ್ ಸಿಕ್ಕರೆ ಗುಜರಿಗೆ ಹಾಕುವ ಮೊದಲು ಅದರ ಅಂಚು ನೋಡಿ. ಪ್ಲಾಸ್ಟಿಕ್ ಚೂರು ಮುರಿದಿದ್ದರೆ, ಒಳಗಿರುವುದು ಉಳಿಯಲಿ ಎಂದು ಯಾರೋ ಒಬ್ಬರು ಆಸೆಪಟ್ಟಿದ್ದರು ಎಂದರ್ಥ.