ಟಿಕ್ ಹಾಕಿದವರು ಯಾರು ಸ್ವಾಮಿ?

ಭಾರತೀಯ ಸಾಕ್ಷ್ಯ ಅಧಿನಿಯಮ, 2023. ‘ದಸ್ತಾವೇಜು’ ಅಂದರೆ ಏನು ಅಂತ ಅದರ ಆರಂಭದಲ್ಲೇ ಉದಾಹರಣೆ ಸಮೇತ ಹೇಳಿದ್ದಾರೆ. ಕಲ್ಲಿನ ಮೇಲೆ, ಲೋಹದ ತಗಡಿನ ಮೇಲೆ ಕೆತ್ತಿದ ಬರಹ ದಸ್ತಾವೇಜು. ವ್ಯಂಗ್ಯಚಿತ್ರವೂ ದಸ್ತಾವೇಜು. ಅದರ ಬೆನ್ನಿಗೇ ಇಮೇಲ್, ಸರ್ವರ್ ಲಾಗ್, ವೆಬ್‌ಸೈಟ್. ಶಿಲಾಶಾಸನಕ್ಕೂ ವೆಬ್ ಪುಟಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ. ನಡುವೆ ಕೂತದ್ದು ವ್ಯಂಗ್ಯಚಿತ್ರ. ಕಾನೂನು ಬರೆಯುವವರಿಗೆ ಹಾಸ್ಯಪ್ರಜ್ಞೆ ಇಲ್ಲ ಅಂದವರು ಯಾರು?

ನಮ್ಮ ಬಾದನಹಟ್ಟಿ ಕಡೆಯವರಿಗೆ ಕಲ್ಲು ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೊಳ್ಳಂಗಳಲ್ಲಿ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷ ಬಳ್ಳಾರಿ ಬಿಸಿಲು ತಿಂದೂ ಅಕ್ಷರ ನಿಂತಿವೆ. ‘ಮೇಲಿನ ಮಾತನ್ನು ಪೂರ್ವಸೂಚನೆ ಇಲ್ಲದೆ ಬದಲಿಸಲಾಗುವುದು’ ಅಂತ ಆ ಮಹಾರಾಯ ಎಲ್ಲೂ ಕೆತ್ತಿಸಿಲ್ಲ.

ಈಗ ಯಾವುದಾದರೂ ಸರ್ಕಾರಿ ವೆಬ್‌ಸೈಟಿನ ಬುಡಕ್ಕೆ ಹೋಗಿ. ‘ಹಕ್ಕು ನಿರಾಕರಣೆ’ ಎಂಬ ಸಣ್ಣಕ್ಷರ ಕಾಣುತ್ತದೆ. ಒತ್ತಿ. ಬಹುತೇಕ ಕಡೆ ಒಕ್ಕಣೆ ಒಂದೇ. ಮಾಹಿತಿ ಸರಿಯಿರಲೆಂದು ಪ್ರಯತ್ನಪಟ್ಟಿದ್ದೇವೆ, ಆದರೂ ಇದನ್ನು ಕಾನೂನಿನ ಉದ್ದೇಶಕ್ಕೆ ಬಳಸಬೇಡಿ, ಅನುಮಾನ ಬಂದರೆ ಇಲಾಖೆಯನ್ನು ಕೇಳಿ, ನಷ್ಟವಾದರೆ ನಾವು ಹೊಣೆಯಲ್ಲ.

ಇಲಾಖೆಗೆ ಹೋಗಿ ಕೇಳಿದಿರೋ, ಉತ್ತರ ಗೊತ್ತೇ ಇದೆ: ‘ವೆಬ್‌ಸೈಟಲ್ಲಿ ಹಾಕೀವಲ್ಲ, ನೋಡ್ರಿ.’

ಪುಟ ಹೇಳಿದ ಕೊನೆಯ ದಿನಾಂಕ ನೀವು ದಾಟಿದರೆ ಅದು ಕಾನೂನು. ಪುಟವೇ ತಪ್ಪು ದಿನಾಂಕ ತೋರಿಸಿದ್ದರೆ ಅದು ಬರೀ ಮಾಹಿತಿ. ಪುಟ ಒಂದೇ. ಏಟು ಬೀಳುವ ಬೆನ್ನೂ ಒಂದೇ.

ಪಹಣಿಯನ್ನೇ ತಗೊಳ್ಳಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜ. ‘ಭೂಮಿ’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದು ಕೈಬರಹದ ಪಹಣಿ ಮೂಲೆ ಸೇರಿ ಇಪ್ಪತ್ತು ವರ್ಷ ದಾಟಿತು. ಪರದೆ ಮೇಲೆ ಪುಕ್ಕಟೆ ನೋಡಬಹುದು. ಕಣ್ತುಂಬ ನೋಡಿ. ಕಚೇರಿಗೆ ಕೊಡಬೇಕೆಂದರೆ ಮಾತ್ರ ದುಡ್ಡು ಕಟ್ಟಿ ‘ಐ-ಆರ್‌ಟಿಸಿ’ ಎಂಬ ಅಧಿಕೃತ ಪ್ರತಿ ತೆಗೆಸಿ. ಸರ್ವೆ ನಂಬರ್ ಅದೇ, ಹೆಸರು ಅದೇ, ಎಕರೆ ಗುಂಟೆ ಅದೇ. ನಿಜಕ್ಕೂ ರೇಟು ಕಟ್ಟಿದ್ದಾರೆ.

ಖಾಸಗಿಯವರ ಕರಾರು ಓದಿದರೆ ಸರ್ಕಾರವೇ ವಾಸಿ ಅನಿಸುತ್ತದೆ. ಮೊದಲ ಪುಟದಲ್ಲೇ ವ್ಯಾಖ್ಯಾನಗಳ ಸಂತೆ. ‘ವೆಬ್‌ಸೈಟ್’ ಎಂದರೆ ಈ ಪುಟ, ಇದರ ಉಪಪುಟಗಳು, ಮೊಬೈಲ್ ಆ್ಯಪ್, ಇಲ್ಲಿಂದ ಕೊಂಡಿ ಹಾಕಿದ ಎಲ್ಲ ನಿಯಮ, ಮುಂದೆ ಹುಟ್ಟಲಿರುವ ಎಲ್ಲ ತಿದ್ದುಪಡಿ. ಇನ್ನೂ ಬರೆಯದ ಮಾತಿಗೂ ನೀವು ಇವತ್ತೇ ಬದ್ಧರು. ಹತ್ತು ಕಲಮು ಕೆಳಗೆ ಹೊಣೆಗಾರಿಕೆಯ ಮಾತು ಬಂದ ಕೂಡಲೇ ಅದೇ ವೆಬ್‌ಸೈಟ್ ಕುಗ್ಗಿ ಮೂಲೆಗೆ ಸರಿಯುತ್ತದೆ: ‘ಇದ್ದದ್ದು ಇದ್ದ ಹಾಗೆ ಒದಗಿಸಲಾಗಿದೆ, ಯಾವ ಭರವಸೆಯೂ ಇಲ್ಲ.’

ಇದಕ್ಕೆಲ್ಲ ಒಪ್ಪುವುದು ಹೇಗೆ? ಕುರುಗೋಡಿನ ಯಾವುದಾದರೂ ಸೈಬರ್ ಸೆಂಟರಿನಲ್ಲಿ ಒಂದು ತಾಸು ಕೂತು ನೋಡಿ. ಮೆಣಸಿನಕಾಯಿ ಬೆಳೆದವನು ಸ್ಟೂಲಿನ ಮೇಲೆ. ಕಂಪ್ಯೂಟರ್ ಮುಂದೆ ಹುಡುಗ. ‘ಓಟಿಪಿ ಬಂತಾ?’ ‘ಬಂತಪ್ಪ, ನೀನೇ ಓದ್ಕೋ.’ ಫೋನು ಕೈ ಬದಲಾಗುತ್ತದೆ. ಪರದೆ ಮೇಲೆ ಇಂಗ್ಲಿಷಿನ ಮಾರುದ್ದದ ಷರತ್ತು. ಹುಡುಗ ಒಂದೇ ಎಳೆತಕ್ಕೆ ತಳ ಮುಟ್ಟಿಸಿ ಚೌಕದಲ್ಲಿ ಟಿಕ್ ಹಾಕುತ್ತಾನೆ. ಆಯ್ತು. ಬೆಳೆದವನು ಓದಲಿಲ್ಲ. ಹುಡುಗನೂ ಓದಲಿಲ್ಲ. ಬರೆದ ವಕೀಲರೇ ಇನ್ನೊಮ್ಮೆ ಓದಿದ್ದಾರೋ ಇಲ್ಲವೋ, ನನಗೆ ಅನುಮಾನ.

1872ರ ಕರಾರು ಕಾಯ್ದೆಯ 13ನೇ ಕಲಮು ಕೇಳಿ. ಇಬ್ಬರು ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಬ್ರಿಟಿಷರ ಕಾಲದ ಮಾತು, ಪಾಪ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ 10ಎ ಸೇರಿಸಿ, ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗದು ಅಂದರು. ತಪ್ಪೇನಿಲ್ಲ. ಆದರೆ ಒತ್ತಿದ ಬೆರಳು ಹುಡುಗನದು, ಸಿಕ್ಕಿಬಿದ್ದ ಕುತ್ತಿಗೆ ರೈತನದು. ಆ ‘ಒಂದೇ ಅರ್ಥ’ ಯಾರ ತಲೆಯಲ್ಲಿತ್ತು?

ಷರತ್ತು ಬದಲಾಯಿತು ಅಂತಿಟ್ಟುಕೊಳ್ಳಿ. ಯಾರು ಹೇಳಬೇಕು? ಯಾರೂ ಇಲ್ಲ. ‘ಆಗಾಗ ಈ ಪುಟಕ್ಕೆ ಬಂದು ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಬಳಕೆ ಮುಂದುವರಿಸಿದರೆ ಒಪ್ಪಿದಂತೆ.’ ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಿ, ಭೇರಿ ಬಾರಿಸಿ ಜನರಿಗೆ ತಿಳಿಸಿ ಅಂತ ಅಶೋಕ ಅಧಿಕಾರಿಗಳಿಗೆ ತಾಕೀತು ಮಾಡಿದ್ದಾನೆ. ಅವನ ಪ್ರಾಕೃತ ನಮ್ಮ ಊರವರಿಗೆ ತಿಳಿಯುತ್ತಿರಲಿಲ್ಲ, ಬಿಡಿ. ಆ ಒಂದು ಸಂಪ್ರದಾಯವನ್ನು ಮಾತ್ರ ಕಂಪನಿಗಳು ನಿಷ್ಠೆಯಿಂದ ಉಳಿಸಿಕೊಂಡಿವೆ.

ನಿನ್ನೆ ಪುಟದಲ್ಲಿ ಬೇರೆಯೇ ಇತ್ತು ಅಂತ ವಾದ ಮಾಡುತ್ತೀರಾ? ಮಾಡಿ. ಮೊಬೈಲಿನಲ್ಲಿ ಹಿಡಿದ ಚಿತ್ರದ ಪ್ರತಿ ಸಾಲದು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ. ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞನದು. ಜೊತೆಗೆ ಕಡತದ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ. ಕಟ್ಟುವಾಗ ಒಂದು ಟಿಕ್, ಬಿಚ್ಚುವಾಗ ತಜ್ಞ.

ತಕರಾರು ಎಲ್ಲಿ ಹೂಡಬೇಕು? ‘ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ.’ ಮುನ್ನೂರು ಕಿಲೋಮೀಟರ್ ಬಸ್ಸು ಹತ್ತಿ. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಬಳ್ಳಾರಿಯಲ್ಲೇ, ದೂರು ಕೊಡಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಏಕಪಕ್ಷೀಯ ಕರಾರನ್ನು ‘ಅನ್ಯಾಯದ ಕರಾರು’ ಅಂತಲೂ ಕರೆದಿದೆ. ಈ ಸಾಲು ಯಾವ ಕಂಪನಿಯ ಷರತ್ತಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಸಮ್ಮತಿ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕು. ಕನ್ನಡವೂ ಅದರಲ್ಲಿದೆ. ನಿಯಮ ಬರಲು 2025ರ ನವೆಂಬರ್ ಬೇಕಾಯಿತು. ಕಂಪನಿಗಳು ಇದನ್ನು ಪಾಲಿಸಲು ಅಲ್ಲಿಂದ 18 ತಿಂಗಳ ಸಮಯ. ಬೆಳೆ ವಿಮೆಯ ಕಂತಿಗೆ ನಮಗೆ 18 ತಿಂಗಳು ಕೊಟ್ಟವರನ್ನು ನಾನು ಕಂಡಿಲ್ಲ.

ಆ ಗಡುವು ಮುಗಿದ ದಿನ ಏನಾಗುತ್ತದೆ ಅಂತ ಈಗಲೇ ಹೇಳುತ್ತೇನೆ. ‘ಇದನ್ನು ನೀವು ಕನ್ನಡದಲ್ಲಿ ಓದಬಹುದು’ ಎಂಬ ಸಾಲನ್ನು ಇಂಗ್ಲಿಷಿನಲ್ಲಿ ಬರೆದು, ನಲವತ್ತನೇ ಕಲಮಿನಲ್ಲಿ ಹುದುಗಿಸಿ, ಅದರ ಕೆಳಗೂ ಒಂದು ಚೌಕ ಇಡುತ್ತಾರೆ. ಸೈಬರ್ ಸೆಂಟರಿನ ಹುಡುಗ ಅದಕ್ಕೂ ಟಿಕ್ ಹಾಕುತ್ತಾನೆ.